ತಗ್ಗಿಸಿದ ಕಾರುಗಳಲ್ಲಿ ಹಿಂದಿನ ಟೈರುಗಳ ಅಸಮ ಸವೆತ

ಹಿಂದಿನ ಟೈರುಗಳ ಅಸಮ ಸವೆತ ಎಂದರೆ ಕಾರಿನ ಹಿಂಬದಿಯ ಟೈರುಗಳ ಹೊರಮೈ ತನ್ನ ಪೂರ್ಣ ಅಗಲದಲ್ಲಿ ಒಂದೇ ಪ್ರಮಾಣದಲ್ಲಿ ಸವೆಯದೆ, ಒಂದು ಅಂಚಿನಲ್ಲಿಯೋ, ನಡುವಿನಲ್ಲಿಯೋ, ಸುತ್ತಳತೆಯ ಅಲ್ಲಲ್ಲಿಯೋ ಹೆಚ್ಚಾಗಿ ಸವೆಯುವುದು. ಸ್ಪ್ರಿಂಗ್‌ಗಳನ್ನು ಬದಲಾಯಿಸಿ ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ ಕಾರುಗಳಲ್ಲಿ ಈ ದೋಷ ಸಾಮಾನ್ಯವಾಗಿದ್ದು, ಅವುಗಳಲ್ಲಿ ಹೆಚ್ಚಾಗಿ ಟೈರಿನ ಒಳ ಅಂಚು, ಅಂದರೆ ಕಾರಿನ ಮಧ್ಯಭಾಗದ ಕಡೆಗಿರುವ ಅಂಚು, ಮೊದಲು ಸವೆಯುತ್ತದೆ.

ಈ ಸವೆತವು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಕಾರಿನ ಪಕ್ಕದಲ್ಲಿ ನಿಂತವರಿಗೆ ಕಾಣುವುದು ಟೈರಿನ ಹೊರ ಅಂಚು ಮಾತ್ರ. ಮುಂದಿನ ಚಕ್ರವನ್ನಾದರೂ ಸ್ಟಿಯರಿಂಗ್ ತಿರುಗಿಸಿ ಒಳಬದಿಯನ್ನು ನೋಡಬಹುದು. ಹಿಂದಿನ ಚಕ್ರಕ್ಕೆ ಆ ಅನುಕೂಲವಿಲ್ಲ. ಹೀಗಾಗಿ ಹೊರಗಿನಿಂದ ಹೊಸದರಂತೆ ತೋರುವ ಟೈರಿನ ಒಳ ಅಂಚಿನಲ್ಲಿ ರಬ್ಬರ್ ಪೂರ್ತಿ ಸವೆದು, ಒಳಗಿನ ತಂತಿಗಳು ಹೊರಬಿದ್ದಿರುವ ಸಾಧ್ಯತೆ ಇರುತ್ತದೆ.

ಒಳ ಅಂಚು ಸವೆದಿರುವುದನ್ನು ಕಂಡೊಡನೆ ಚಕ್ರದ ಓರೆಯೇ ಕಾರಣವೆಂದು ತೀರ್ಮಾನಿಸುವುದು ವಾಡಿಕೆ. ಆದರೆ ಟೈರು ಅತಿ ವೇಗವಾಗಿ ಸವೆದಿದ್ದಲ್ಲಿ ಚಕ್ರವು ಮುಖಮಾಡಿರುವ ದಿಕ್ಕು ತಪ್ಪಿರುವುದು ಹೆಚ್ಚು ಮುಖ್ಯವಾದ ಕಾರಣವಾಗಿರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದೇ ದೋಷಪತ್ತೆಯ ಮುಖ್ಯ ಕೆಲಸ.

ಹಿನ್ನೆಲೆ

ಕಾರನ್ನು ತಗ್ಗಿಸುವುದಕ್ಕೆ ಮುಖ್ಯವಾಗಿ ಎರಡು ಉದ್ದೇಶಗಳಿವೆ. ಗುರುತ್ವ ಕೇಂದ್ರವು ಕೆಳಗಿಳಿದರೆ ತಿರುವುಗಳಲ್ಲಿ ಭಾರವು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವ ಪ್ರಮಾಣ ಕಡಿಮೆಯಾಗುತ್ತದೆ ಎಂಬುದು ಮೊದಲನೆಯದು. ಎರಡನೆಯದು ನೋಟ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎರಡನೆಯ ಮಹಾಯುದ್ಧದ ನಂತರ ಮೆಕ್ಸಿಕನ್ ಮೂಲದ ಸಮುದಾಯಗಳಲ್ಲಿ ಬೆಳೆದ ‘ಲೋರೈಡರ್’ ಸಂಸ್ಕೃತಿ, ಜಪಾನಿನಲ್ಲಿ ‘ಶಕೋತಾನ್’ ಎಂದು ಕರೆಯಲಾಗುವ ತಗ್ಗಿಸಿದ ಕಾರುಗಳ ಶೈಲಿ ಇವು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಭಾರತದ ನಗರಗಳಲ್ಲಿಯೂ ಯುವಕರು ಸಣ್ಣ ಹ್ಯಾಚ್‌ಬ್ಯಾಕ್ ಮತ್ತು ಸೆಡಾನ್ ಕಾರುಗಳನ್ನು ಹೀಗೆ ಮಾರ್ಪಡಿಸುವುದುಂಟು.

ತಗ್ಗಿಸುವ ವಿಧಾನಗಳು ಹಲವು. ಗಿಡ್ಡನೆಯ ಸ್ಪ್ರಿಂಗ್‌ಗಳನ್ನು ಅಳವಡಿಸುವುದು, ಎತ್ತರವನ್ನು ಹೊಂದಿಸಬಹುದಾದ ‘ಕಾಯ್ಲೋವರ್’ ಎಂಬ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಣೆಯನ್ನು ಹಾಕುವುದು, ಗಾಳಿ ತುಂಬಿದ ಚೀಲಗಳ ಮೇಲೆ ಕಾರನ್ನು ನಿಲ್ಲಿಸುವುದು ಇವು ರೂಢಿಯಲ್ಲಿವೆ. ಮೂಲ ಸ್ಪ್ರಿಂಗ್‌ನ ಸುರುಳಿಗಳನ್ನು ಕತ್ತರಿಸುವ ಅಗ್ಗದ ಉಪಾಯವೂ ಇದೆ. ಆದರೆ ಕತ್ತರಿಸಿದ ತುದಿ ತನ್ನ ಕೂಟಿನಲ್ಲಿ ಸರಿಯಾಗಿ ಕೂರದೆ ಹೋಗಬಹುದಾದ್ದರಿಂದ ಅದು ಅಪಾಯಕಾರಿ. ವಿಧಾನ ಯಾವುದಾದರೂ ಅದರ ಪರಿಣಾಮ ಒಂದೇ: ಹೆಚ್ಚು ಭಾರ ಹೊತ್ತಾಗ ಮಾತ್ರ ಸಸ್ಪೆನ್ಶನ್ ತಲುಪುತ್ತಿದ್ದ ಸ್ಥಿತಿಯಲ್ಲಿ ಕಾರು ಸದಾಕಾಲ ನಿಲ್ಲುತ್ತದೆ.

ಚಕ್ರದ ಕೋನಗಳು

ಹಿಂದಿನ ಟೈರಿನ ಸವೆತವನ್ನು ಅರ್ಥಮಾಡಿಕೊಳ್ಳಲು ಮೂರು ಪದಗಳ ಪರಿಚಯ ಅಗತ್ಯ.

ಕ್ಯಾಂಬರ್: ಕಾರನ್ನು ಹಿಂದಿನಿಂದ ನೋಡಿದಾಗ ಚಕ್ರವು ನೆಟ್ಟಗೆ ನಿಂತಿದೆಯೇ ಅಥವಾ ಓರೆಯಾಗಿದೆಯೇ ಎಂಬುದನ್ನು ಸೂಚಿಸುವ ಕೋನ. ಚಕ್ರದ ಮೇಲ್ಭಾಗ ಕಾರಿನ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್; ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್.

ಟೋ: ಕಾರನ್ನು ಮೇಲಿನಿಂದ ನೋಡಿದಾಗ ಚಕ್ರವು ನೇರವಾಗಿ ಮುಂದಕ್ಕೆ ಮುಖಮಾಡಿದೆಯೇ ಎಂಬುದನ್ನು ತಿಳಿಸುವ ಕೋನ. ಒಂದೇ ಸಾಲಿನ ಎರಡು ಚಕ್ರಗಳ ಮುಂಭಾಗಗಳು ಪರಸ್ಪರ ಸಮೀಪಿಸಿದ್ದರೆ ಟೋ-ಇನ್, ದೂರವಾಗಿದ್ದರೆ ಟೋ-ಔಟ್.

ಥ್ರಸ್ಟ್ ಕೋನ: ಹಿಂದಿನ ಎರಡೂ ಚಕ್ರಗಳು ಒಟ್ಟಾಗಿ ಕಾರನ್ನು ಯಾವ ದಿಕ್ಕಿಗೆ ನೂಕುತ್ತವೆ ಎಂಬುದಕ್ಕೂ ಕಾರಿನ ಮಧ್ಯರೇಖೆಗೂ ನಡುವಿನ ಕೋನ. ಎಡ ಮತ್ತು ಬಲ ಚಕ್ರಗಳ ಟೋ ಸಮನಾಗಿಲ್ಲದಿದ್ದರೆ ಕಾರು ಏಡಿಯಂತೆ ತುಸು ಅಡ್ಡವಾಗಿ ಚಲಿಸುತ್ತದೆ. ರಸ್ತೆ ನೇರವಾಗಿದ್ದರೂ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುವುದು ಇದರ ಒಂದು ಲಕ್ಷಣ.

ಕ್ಯಾಂಬರ್ ಮತ್ತು ಟೋಗಳ ವ್ಯತ್ಯಾಸವನ್ನು ಚಪ್ಪಲಿಯ ಸವೆತಕ್ಕೆ ಹೋಲಿಸಬಹುದು. ಪಾದವನ್ನು ಒಂದು ಬದಿಗೆ ವಾಲಿಸಿ ಊರುವವರ ಚಪ್ಪಲಿ ಆ ಬದಿಯಲ್ಲಿ ನಿಧಾನವಾಗಿ ಸವೆಯುತ್ತದೆ, ಇದು ಕ್ಯಾಂಬರ್. ಕಾಲನ್ನು ಎತ್ತದೆ ಅಡ್ಡಡ್ಡ ಎಳೆದುಕೊಂಡು ನಡೆಯುವವರ ಚಪ್ಪಲಿ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ; ಇದು ಟೋ.

ತಗ್ಗಿಸಿದಾಗ ಆಗುವ ಬದಲಾವಣೆ

ಕಾರನ್ನು ತಗ್ಗಿಸಿದಾಗ ಈ ಕೋನಗಳು ಎಷ್ಟು ಬದಲಾಗುತ್ತವೆ ಎಂಬುದು ಹಿಂಬದಿಯ ಸಸ್ಪೆನ್ಶನ್ನಿನ ರಚನೆಯನ್ನು ಅವಲಂಬಿಸಿದೆ.

ಸ್ವತಂತ್ರ ಸಸ್ಪೆನ್ಶನ್: ಡಬಲ್ ವಿಶ್‌ಬೋನ್ ಮತ್ತು ಮಲ್ಟಿ-ಲಿಂಕ್ ರಚನೆಗಳಲ್ಲಿ ಪ್ರತಿಯೊಂದು ಚಕ್ರವನ್ನೂ ಬೇರೆ ಬೇರೆ ತೋಳುಗಳು ಹಿಡಿದಿರುತ್ತವೆ. ಸಾಮಾನ್ಯವಾಗಿ ಮೇಲಿನ ತೋಳು ಕೆಳಗಿನದಕ್ಕಿಂತ ಗಿಡ್ಡ. ಚಕ್ರ ಮೇಲಕ್ಕೆ ಸರಿದಾಗ ಗಿಡ್ಡ ತೋಳು ಸಣ್ಣ ಕಂಸದಲ್ಲಿ ಚಲಿಸುವುದರಿಂದ ಚಕ್ರದ ಮೇಲ್ಭಾಗವನ್ನು ಒಳಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಟೈರು ನೆಲಕ್ಕೆ ಸಮನಾಗಿ ಕೂರಲೆಂದು ವಿನ್ಯಾಸಕಾರರು ಉದ್ದೇಶಪೂರ್ವಕವಾಗಿ ಮಾಡಿದ ಏರ್ಪಾಡು ಇದು. ಕಾರನ್ನು ತಗ್ಗಿಸಿದಾಗ ಈ ಗುಣವೇ ತೊಡಕಾಗಿ, ನೇರ ರಸ್ತೆಯಲ್ಲಿಯೂ ಚಕ್ರ ಒಳಕ್ಕೆ ವಾಲಿಕೊಂಡೇ ಓಡುತ್ತದೆ. ಇದರೊಂದಿಗೆ ಟೋ ಕೂಡ ಬದಲಾಗುತ್ತದೆ.

ಸೆಮಿ-ಟ್ರೇಲಿಂಗ್ ತೋಳು: 1980ರ ದಶಕದ ಬಿಎಂಡಬ್ಲ್ಯು 3 ಸರಣಿಯಂತಹ ಕಾರುಗಳಲ್ಲಿ ಹಿಂದಿನ ಚಕ್ರವನ್ನು ಓರೆಯಾದ ಅಕ್ಷದ ಮೇಲೆ ತಿರುಗುವ ಒಂದೇ ತೋಳು ಹಿಡಿದಿರುತ್ತದೆ. ಈ ಓರೆ ಅಕ್ಷದಿಂದಾಗಿ ಕ್ಯಾಂಬರ್ ಮತ್ತು ಟೋ ಎರಡೂ ಒಟ್ಟಿಗೆ ಬದಲಾಗುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಪಡಿಸುವುದು ಕಷ್ಟ.

ಟಾರ್ಶನ್ ಬೀಮ್: ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ ಮೊದಲಾಗಿ ಭಾರತದ ಬಹುಪಾಲು ಸಣ್ಣ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಉಕ್ಕಿನ ತೊಲೆ ಜೋಡಿಸುತ್ತದೆ. ಕಾರನ್ನು ಎರಡೂ ಬದಿಗಳಲ್ಲಿ ಸಮನಾಗಿ ತಗ್ಗಿಸಿದರೆ ಈ ರಚನೆಯಲ್ಲಿ ಕೋನಗಳು ಬಹಳ ಅಲ್ಪವಾಗಿ ಬದಲಾಗುತ್ತವೆ. ಆದುದರಿಂದ ಇಂತಹ ಕಾರಿನಲ್ಲಿ ಒಳ ಅಂಚಿನ ತೀವ್ರ ಸವೆತ ಕಂಡುಬಂದರೆ, ತಗ್ಗಿಸಿದ್ದನ್ನು ದೂರುವ ಮೊದಲು ಗುಂಡಿಗೆ ಬಿದ್ದು ಬಾಗಿದ ತೊಲೆ, ಬಾಗಿದ ಸ್ಟಬ್ ಆಕ್ಸಲ್ ಅಥವಾ ಸವೆದ ಬೇರಿಂಗ್ ಇದೆಯೇ ಎಂದು ಪರಿಶೀಲಿಸಬೇಕು.

ಗಟ್ಟಿ ಆಕ್ಸಲ್: ಎರಡೂ ಚಕ್ರಗಳನ್ನು ಒಂದೇ ದೃಢವಾದ ಆಕ್ಸಲ್ ಹಿಡಿದಿರುವ ವಾಹನಗಳಲ್ಲಿ ತಗ್ಗಿಸುವುದರಿಂದ ಚಕ್ರಗಳು ಓರೆಯಾಗುವುದಿಲ್ಲ. ಆದರೆ ಆಕ್ಸಲನ್ನು ಪಕ್ಕಕ್ಕೆ ಸರಿಯದಂತೆ ತಡೆಯುವ ಪ್ಯಾನ್‌ಹಾರ್ಡ್ ಸರಳು ಇದ್ದಲ್ಲಿ, ಇಡೀ ಆಕ್ಸಲ್ ಒಂದು ಬದಿಗೆ ತುಸು ಸರಿದು ಟೈರು ಕಾರಿನ ಮೈಗೆ ಉಜ್ಜಬಹುದು.

ಟೋ ಹೆಚ್ಚು ಸವೆಸುವ ಕಾರಣ

ಕ್ಯಾಂಬರ್ ಮತ್ತು ಟೋಗಳ ಪರಿಣಾಮದಲ್ಲಿರುವ ಅಂತರವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 600 ಮಿ.ಮೀ. ವ್ಯಾಸದ ಟೈರೊಂದರ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವೆ 3 ಮಿ.ಮೀ.ಗಳಷ್ಟು ದಿಕ್ಕಿನ ವ್ಯತ್ಯಾಸವಿದೆ ಎಂದು ಭಾವಿಸೋಣ. ಇದು ಸುಮಾರು 0.3 ಡಿಗ್ರಿಯ ಕೋನ, ಬರಿಗಣ್ಣಿಗೆ ಕಾಣುವಂಥದಲ್ಲ. 600ಕ್ಕೆ 3 ಎಂದರೆ 1000ಕ್ಕೆ 5. ಅಂದರೆ ಕಾರು 1 ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಆ ಚಕ್ರವು 5 ಮೀಟರಿನಷ್ಟು ಪಕ್ಕಕ್ಕೆ ಹೋಗಲು ಯತ್ನಿಸುತ್ತದೆ. ಕಾರು ಅದನ್ನು ಹಾಗೆ ಹೋಗಗೊಡದೆ ನೇರವಾಗಿ ಎಳೆದೊಯ್ಯುತ್ತದೆ. 10,000 ಕಿಲೋಮೀಟರುಗಳ ಓಟದಲ್ಲಿ ಈ ಅಡ್ಡ ಎಳೆತ 50 ಕಿಲೋಮೀಟರಿಗೆ ಸಮನಾಗುತ್ತದೆ. ಟೈರಿನ ರಬ್ಬರ್ ಬಾಗಿ ಇದರ ಒಂದು ಭಾಗವನ್ನು ತಾಳಿಕೊಳ್ಳುತ್ತದೆಯಾದರೂ ಉಳಿದದ್ದು ಸವೆತವಾಗಿಯೇ ಪರಿಣಮಿಸುತ್ತದೆ.

ಕ್ಯಾಂಬರ್ ಹೀಗೆ ಟೈರನ್ನು ಅಡ್ಡ ಎಳೆಯುವುದಿಲ್ಲ. ಭಾರವನ್ನು ಒಂದು ಅಂಚಿನ ಕಡೆಗೆ ಸರಿಸುತ್ತದೆ. 200 ಮಿ.ಮೀ. ಅಗಲದ ಟೈರು 1 ಡಿಗ್ರಿ ವಾಲಿದರೆ ಎರಡು ಅಂಚುಗಳ ಎತ್ತರದಲ್ಲಿ ಸುಮಾರು 3.5 ಮಿ.ಮೀ. ವ್ಯತ್ಯಾಸ ಬರುತ್ತದೆ. ಟೈರಿನ ಪಕ್ಕದ ಗೋಡೆ ಬಾಗುವುದರಿಂದ ಎರಡೂ ಅಂಚುಗಳು ನೆಲವನ್ನು ಮುಟ್ಟಿಕೊಂಡೇ ಇರುತ್ತವೆ. ಒಳ ಅಂಚಿನ ಮೇಲಿನ ಒತ್ತಡ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಟೋ ಸರಿಯಾಗಿದ್ದರೆ ಒಂದೂವರೆ ಡಿಗ್ರಿಯಷ್ಟು ಋಣ ಕ್ಯಾಂಬರ್ ಇದ್ದರೂ ಟೈರು ಸಾಮಾನ್ಯವಾಗಿ ಬಹುಕಾಲ ಬಾಳುತ್ತದೆ.

ಎರಡೂ ದೋಷಗಳು ಕೂಡಿದಾಗ ಹಾನಿ ಅತಿ ಹೆಚ್ಚು. ಕ್ಯಾಂಬರ್ ಭಾರವನ್ನೆಲ್ಲ ಒಳ ಅಂಚಿಗೆ ತಳ್ಳಿದರೆ, ಟೋ ಆ ಅಂಚನ್ನು ರಸ್ತೆಗೆ ಉಜ್ಜುತ್ತದೆ. ಆಗ ಟೋ ಒಳಕ್ಕೆ ತಪ್ಪಿದ್ದರೂ ಹೊರಕ್ಕೆ ತಪ್ಪಿದ್ದರೂ ಮೊದಲು ಸವೆಯುವುದು ಒಳ ಅಂಚೇ ಆಗಬಹುದು. ಆದಕಾರಣ ಯಾವ ಅಂಚು ಸವೆದಿದೆ ಎಂಬುದೊಂದನ್ನೇ ನೋಡಿ ಕಾರಣವನ್ನು ನಿರ್ಣಯಿಸಲಾಗದು. ಸವೆದ ಮೈ ಹೇಗಿದೆ ಎಂಬುದನ್ನೂ ಪರಿಶೀಲಿಸಬೇಕು.

ಸವೆತದ ಬಗೆಗಳು

ಸವೆದ ಟೈರು ತನ್ನ ಓಟದ ಇತಿಹಾಸವನ್ನು ಮೈಮೇಲೆ ಉಳಿಸಿಕೊಂಡಿರುತ್ತದೆ. ಮುಖ್ಯವಾದ ಬಗೆಗಳು ಹೀಗಿವೆ:

• ಒಳ ಅಂಚು ನುಣುಪಾಗಿ, ಇಳಿಜಾರಾಗಿ ಸವೆದಿರುವುದು: ಅಧಿಕ ಋಣ ಕ್ಯಾಂಬರ್. ಹೊರ ಅಂಚಿನಿಂದ ಒಳ ಅಂಚಿನವರೆಗೆ ಆಳವು ಕ್ರಮೇಣ ಕಡಿಮೆಯಾಗುತ್ತ ಹೋಗುತ್ತದೆ. ಕೈಯಾಡಿಸಿದರೆ ಒರಟುತನ ಇರುವುದಿಲ್ಲ.

• ಗರಗಸದಂತೆ ಚೂಪಾದ ಏಣುಗಳು: ಟೋ ದೋಷ. ಟೈರಿನ ಅಡ್ಡಗಲಕ್ಕೆ ಅಂಗೈಯಾಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮರುದಿಕ್ಕಿನಲ್ಲಿ ಒರಟಾಗಿಯೂ ತೋರುತ್ತದೆ. ಒಳಗಿನಿಂದ ಹೊರಕ್ಕೆ ಕೈಯಾಡಿಸಿದಾಗ ಚೂಪು ತಾಗಿದರೆ ಟೋ-ಇನ್ ಹೆಚ್ಚಾಗಿದೆ. ಹೊರಗಿನಿಂದ ಒಳಕ್ಕೆ ಆಡಿಸಿದಾಗ ತಾಗಿದರೆ ಟೋ-ಔಟ್ ಇದೆ.

• ಸುತ್ತಳತೆಯಲ್ಲಿ ಅಲ್ಲಲ್ಲಿ ಬಟ್ಟಲಿನಂತಹ ತಗ್ಗುಗಳು: ಚಕ್ರ ನೆಲದ ಮೇಲೆ ಪುಟಿಯುತ್ತಿದೆ. ಶಾಕ್ ಅಬ್ಸಾರ್ಬರ್ ಸೋತಿರುವುದು, ಗಿಡ್ಡ ಸ್ಪ್ರಿಂಗ್‌ಗೆ ಹೊಂದದ ಮೂಲ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡಿರುವುದು, ಸಸ್ಪೆನ್ಶನ್ ಪದೇ ಪದೇ ರಬ್ಬರ್ ತಡೆಗಳಿಗೆ ಬಡಿಯುವುದು ಇವು ಸಾಮಾನ್ಯ ಕಾರಣಗಳು.

• ಓರೆ ಪಟ್ಟೆಗಳಾಗಿ ಸವೆದಿರುವುದು: ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳ ಹಗುರವಾದ ಹಿಂಬದಿಯಲ್ಲಿ ಟೋ ದೋಷವಿದ್ದಾಗ ಕಾಣುವ ಬಗೆ. ಟೈರು ಎಳೆಸಿಕೊಂಡು, ಒಮ್ಮೆಲೇ ಜಿಗಿದು, ಮತ್ತೆ ಎಳೆಸಿಕೊಳ್ಳುವುದರಿಂದ ಹೀಗಾಗುತ್ತದೆ.

• ಎರಡೂ ಅಂಚುಗಳು ಸವೆದು ನಡು ಉಳಿದಿರುವುದು: ಗಾಳಿ ಕಡಿಮೆ.

• ನಡು ಸವೆದು ಅಂಚುಗಳು ಉಳಿದಿರುವುದು: ಗಾಳಿ ಹೆಚ್ಚು.

• ಟೈರಿನ ಭುಜದ ಮೇಲೆ ಅಥವಾ ಪಕ್ಕದ ಗೋಡೆಯ ಮೇಲೆ ಸುತ್ತಲೂ ಕೊರೆದಂತಹ ಗೆರೆ: ಇದು ರಸ್ತೆಯಿಂದಾದ ಸವೆತವಲ್ಲ. ಅಗಲವಾದ ಟೈರು ಕಾರಿನ ಮೈಗಾಗಲಿ ಸ್ಪ್ರಿಂಗ್‌ನ ಕೂಟಿಗಾಗಲಿ ತಾಗುತ್ತಿದೆ.

ಪತ್ತೆಹಚ್ಚುವ ಕ್ರಮ

ದೋಷಪತ್ತೆಯಲ್ಲಿ ಕ್ರಮಕ್ಕೆ ಮಹತ್ತ್ವವಿದೆ. ಸಡಿಲವಾದ ಭಾಗಗಳನ್ನು ಹಾಗೆಯೇ ಬಿಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಕೋನಗಳು ಯಂತ್ರದ ಮೇಲೆ ಮಾತ್ರ ಸರಿಯಾಗಿರುತ್ತವೆ. ಕಾರು ರಸ್ತೆಗಿಳಿದ ಕೂಡಲೇ ಮತ್ತೆ ತಪ್ಪುತ್ತವೆ.

1. ಆಳದ ಅಳತೆ. ಪ್ರತಿಯೊಂದು ಹಿಂದಿನ ಟೈರಿನಲ್ಲಿ ಹೊರ ಅಂಚು, ನಡು ಮತ್ತು ಒಳ ಅಂಚು ಎಂಬ ಮೂರು ಕಡೆ ಗಾಡಿಯ ಆಳವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ ಅಳತೆಗಳು 6, 5 ಮತ್ತು 4 ಮಿ.ಮೀ. ಆಗಿದ್ದರೆ ಅದು ಸಮನಾದ ಇಳಿಜಾರು. ಕ್ಯಾಂಬರಿನ ಕಡೆಗೆ ಬೆರಳು ತೋರಿಸುತ್ತದೆ. 6, 5 ಮತ್ತು 1 ಆಗಿದ್ದು ಮೈ ಒರಟಾಗಿದ್ದರೆ ಟೋ ಕೂಡ ಸೇರಿಕೊಂಡಿದೆ ಎಂದು ಶಂಕಿಸಬೇಕು. ಟೈರು ಬಿಚ್ಚದೆ ಒಳ ಅಂಚನ್ನು ನೋಡಲು ಮೊಬೈಲ್ ಫೋನಿನ ಕ್ಯಾಮೆರಾವನ್ನು ಚಕ್ರದ ಹಿಂದೆ ಹಿಡಿದು ಚಿತ್ರ ತೆಗೆಯುವುದು ಸುಲಭ ಉಪಾಯ.

2. ಎಡ–ಬಲ ಹೋಲಿಕೆ. ಎರಡೂ ಬದಿಗಳಲ್ಲಿ ಸವೆತ ಒಂದೇ ತೆರನಾಗಿದ್ದರೆ ಕಾರಣ ತಗ್ಗಿಸಿದ್ದರಿಂದ ಬದಲಾದ ಕೋನಗಳಲ್ಲಿರುವ ಸಂಭವ ಹೆಚ್ಚು. ಒಂದೇ ಬದಿಯಲ್ಲಿದ್ದರೆ ಬಾಗಿದ ತೋಳು, ಹರಿದ ಬುಷ್, ಕುಸಿದ ಸ್ಪ್ರಿಂಗ್ ಅಥವಾ ಹಳೆಯ ಅಪಘಾತದ ಪರಿಣಾಮವನ್ನು ಹುಡುಕಬೇಕು.

3. ಗಾಳಿಯ ಒತ್ತಡ. ಟೈರು ತಣ್ಣಗಿರುವಾಗ ಅಳೆದು, ಬಾಗಿಲ ಚೌಕಟ್ಟಿನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ನಮೂದಿಸಿರುವ ಪ್ರಮಾಣಕ್ಕೆ ಹೋಲಿಸಬೇಕು. ಮೂಲ ಅಳತೆಯ ಟೈರಿನ ಬದಲು ಬೇರೆ ಅಳತೆಯದನ್ನು ಹಾಕಿದ್ದರೆ ಸೂಕ್ತ ಒತ್ತಡವೂ ಬೇರೆಯಾಗಬಹುದು.

4. ಸಡಿಲತೆ. ಕಾರನ್ನು ಜಾಕ್ ಮೇಲಷ್ಟೇ ನಂಬಿ ಬಿಡದೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಬೇಕು. ಟಕಟಕ ಎನಿಸಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಮುಂದೆ–ಹಿಂದೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಟೋ ಹಿಡಿದಿಡುವ ತೋಳುಗಳ ಬುಷ್‌ಗಳನ್ನು ಪರಿಶೀಲಿಸಬೇಕು. ಸನ್ನೆಕೋಲಿನಿಂದ ತೋಳನ್ನು ಮೆಲ್ಲಗೆ ಮೀಟಿದರೆ ರಬ್ಬರಿನ ಬಿರುಕುಗಳು ಬಾಯಿ ಬಿಡುತ್ತವೆ.

5. ನಿಲುವಿನ ಎತ್ತರ. ಸಮತಟ್ಟಾದ ನೆಲದ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಗಳಲ್ಲಿ ಅಳೆಯಬೇಕು. ಎತ್ತರ ಸಮನಾಗಿಲ್ಲದಿದ್ದರೆ ಕೋನಗಳೂ ಸಮನಾಗಿರುವುದಿಲ್ಲ.

6. ಕ್ಯಾಂಬರ್ ಅಳತೆ. ಗಾರೆ ಕೆಲಸದವರು ಬಳಸುವ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಚಕ್ರದ ಎದುರು ಇಳಿಬಿಟ್ಟು, ದಾರದಿಂದ ರಿಮ್‌ನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುವ ದೂರಗಳನ್ನು ಅಳೆಯಬೇಕು. ಈ ಎರಡು ಅಂಚುಗಳ ನಡುವೆ 400 ಮಿ.ಮೀ. ಅಂತರವಿದ್ದರೆ, ಪ್ರತಿ 7 ಮಿ.ಮೀ. ವ್ಯತ್ಯಾಸ ಸುಮಾರು 1 ಡಿಗ್ರಿಗೆ ಸಮ. ಮೇಲಿನ ದೂರ ಹೆಚ್ಚಾಗಿದ್ದರೆ ಅದು ಋಣ ಕ್ಯಾಂಬರ್.

7. ಟೋ ಅಳತೆ. ಕಾರಿನ ಎರಡೂ ಪಕ್ಕಗಳಲ್ಲಿ, ಚಕ್ರದ ನಡುಮಟ್ಟದಲ್ಲಿ, ಪರಸ್ಪರ ಸಮಾನಾಂತರವಾಗಿಯೂ ಕಾರಿನ ಮಧ್ಯರೇಖೆಗೆ ಸಮಾನ ದೂರದಲ್ಲಿಯೂ ಇರುವಂತೆ ಎರಡು ದಾರಗಳನ್ನು ಬಿಗಿಯಾಗಿ ಕಟ್ಟಬೇಕು. ಹಲವು ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಗಲ ಬೇರೆ ಬೇರೆ ಇರುವುದರಿಂದ ದಾರವನ್ನು ಟೈರುಗಳಿಗೆ ತಾಗಿಸಿ ಕಟ್ಟುವುದು ತಪ್ಪು. ಅನಂತರ ದಾರದಿಂದ ಹಿಂದಿನ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರಗಳನ್ನು ಅಳೆಯಬೇಕು. ಮುಂದಿನ ದೂರ ಹೆಚ್ಚಾಗಿದ್ದರೆ ಟೋ-ಇನ್. ಹಿಂದಿನ ದೂರ ಹೆಚ್ಚಾಗಿದ್ದರೆ ಟೋ-ಔಟ್.

ಜಾಕ್‌ನಿಂದ ಇಳಿಸಿದ ಕಾರಿನ ಸಸ್ಪೆನ್ಶನ್ ತಕ್ಷಣವೇ ತನ್ನ ಸಹಜ ಸ್ಥಿತಿಗೆ ಮರಳುವುದಿಲ್ಲ. ಆದ್ದರಿಂದ ಅಳೆಯುವ ಮೊದಲು ಕಾರನ್ನು ಕೆಲವು ಮೀಟರುಗಳಷ್ಟು ಹಿಂದೆ–ಮುಂದೆ ಉರುಳಿಸಿ, ಮೈಯನ್ನು ಒತ್ತಿ ಬಿಡಬೇಕು. ದಾರದ ಅಳತೆ ದೋಷ ಇದೆಯೇ ಇಲ್ಲವೇ ಎಂದು ತಿಳಿಯಲು ಸಾಕು. ಅಂತಿಮ ಹೊಂದಾಣಿಕೆಗೆ ನಾಲ್ಕೂ ಚಕ್ರಗಳನ್ನು ಅಳೆಯುವ ಅಲೈನ್‌ಮೆಂಟ್ ಯಂತ್ರ ಬೇಕು. ಮುಂದಿನ ಚಕ್ರಗಳನ್ನಷ್ಟೇ ಹೊಂದಿಸಿ ಕೊಡುವ ಅಲೈನ್‌ಮೆಂಟಿನಿಂದ ಹಿಂದಿನ ದೋಷ ಪತ್ತೆಯಾಗುವುದಿಲ್ಲ. ಆದ್ದರಿಂದ ಮಾಲೀಕರು ಹಿಂದಿನ ಚಕ್ರಗಳ ಕೋನಗಳೂ ನಮೂದಾಗಿರುವ ಮುದ್ರಿತ ಪಟ್ಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಒಂದು ನಿದರ್ಶನ: ಹೋಂಡಾ ಸಿವಿಕ್

1987ರಲ್ಲಿ ಬಂದ ನಾಲ್ಕನೆಯ ತಲೆಮಾರಿನಿಂದ 2000ದವರೆಗೆ ತಯಾರಾದ ಆರನೆಯ ತಲೆಮಾರಿನವರೆಗಿನ ಹೋಂಡಾ ಸಿವಿಕ್ ಕಾರುಗಳು ಜಪಾನ್ ಮತ್ತು ಅಮೆರಿಕಗಳಲ್ಲಿ ಅತಿ ಹೆಚ್ಚಾಗಿ ತಗ್ಗಿಸಲ್ಪಟ್ಟ ಕಾರುಗಳ ಸಾಲಿಗೆ ಸೇರುತ್ತವೆ. ಇವುಗಳ ಹಿಂಬದಿಯಲ್ಲಿ ಡಬಲ್ ವಿಶ್‌ಬೋನ್ ಮಾದರಿಯ ಸ್ವತಂತ್ರ ಸಸ್ಪೆನ್ಶನ್ ಇದೆ. ಚಕ್ರವನ್ನು ಉದ್ದವಾದ ಟ್ರೇಲಿಂಗ್ ತೋಳೊಂದು ಹಿಡಿದಿದ್ದು, ಮೇಲೊಂದು ಕೆಳಗೊಂದು ಅಡ್ಡ ತೋಳುಗಳಿರುತ್ತವೆ. ಟ್ರೇಲಿಂಗ್ ತೋಳಿನ ಮುಂತುದಿಯ ಬಳಿ ಇರುವ ಚಿಕ್ಕ ಹೊಂದಾಣಿಕೆ ತೋಳಿನಿಂದ ಟೋವನ್ನು ಸರಿಪಡಿಸಬಹುದು. ಹಿಂದಿನ ಕ್ಯಾಂಬರನ್ನು ಹೊಂದಿಸಲು ಕಾರ್ಖಾನೆಯ ಏರ್ಪಾಡು ಇಲ್ಲ.

ಈ ಕಾರನ್ನು ತಗ್ಗಿಸಿದಾಗ ಹಿಂದಿನ ಚಕ್ರಗಳು ಸ್ಪಷ್ಟವಾಗಿ ಒಳಕ್ಕೆ ವಾಲುತ್ತವೆ. ಒಳ ಅಂಚು ಸವೆದಾಗ ಮಾಲೀಕರು ಕ್ಯಾಂಬರ್ ಹೊಂದಿಸುವ ಬಿಡಿಭಾಗಗಳನ್ನು ಕೊಂಡು ಹಾಕುತ್ತಾರೆ. ಆದರೂ ಕೆಲವೊಮ್ಮೆ ಸವೆತ ನಿಲ್ಲುವುದಿಲ್ಲ. ಆಗ ಟ್ರೇಲಿಂಗ್ ತೋಳಿನ ಮುಂದಿರುವ ದೊಡ್ಡ ರಬ್ಬರ್ ಬುಷ್ಷನ್ನು ನೋಡಬೇಕು. ವಯಸ್ಸಾದ ಕಾರಿನಲ್ಲಿ ಈ ಬುಷ್ ಹರಿದಿದ್ದರೆ, ಬ್ರೇಕ್ ಒತ್ತಿದಾಗಲೂ ಗುಂಡಿಗೆ ಇಳಿದಾಗಲೂ ತೋಳು ಸರಿದು ಚಕ್ರದ ದಿಕ್ಕು ಬದಲಾಗುತ್ತದೆ. ನಿಂತ ಕಾರನ್ನು ಅಳೆಯುವ ಯಂತ್ರಕ್ಕೆ ಈ ದೋಷ ಕಾಣದೆ, ಮುದ್ರಿತ ಪಟ್ಟಿಯಲ್ಲಿ ಎಲ್ಲ ಅಂಕಿಗಳೂ ಸರಿಯಾಗಿರಬಹುದು. ಅಂಕಿಗಳು ಸರಿಯಿದ್ದೂ ಟೈರು ಸವೆಯುತ್ತಲೇ ಇದ್ದರೆ ಬುಷ್ ಹರಿದಿರುವ ಶಂಕೆ ಬಲವಾಗುತ್ತದೆ.

ಹೊಸ ಬುಷ್ ಹಾಕುವಾಗಲೂ ಒಂದು ಎಚ್ಚರಿಕೆ ಅಗತ್ಯ. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಬಿಗಿದರೆ, ಕಾರನ್ನು ಇಳಿಸಿದೊಡನೆ ಬುಷ್ ತಿರುಚಿಕೊಂಡು ನಿಂತು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲಿರುವಾಗ, ಅಂದರೆ ಅದರ ಸಹಜ ಎತ್ತರದಲ್ಲಿ, ಕೊನೆಯ ಬಿಗಿತ ಕೊಡಬೇಕು. ಕಾರನ್ನು ತಗ್ಗಿಸುವಾಗ ಹಳೆಯ ಬೋಲ್ಟುಗಳನ್ನು ಸಡಿಲಿಸಿ, ಹೊಸ ಎತ್ತರದಲ್ಲಿ ಮತ್ತೆ ಬಿಗಿಯದೆ ಬಿಟ್ಟರೂ ಇದೇ ಹಾನಿ ಆಗುತ್ತದೆ.

ಪರಿಹಾರ

ದುರಸ್ತಿಯ ಕ್ರಮವು ಪತ್ತೆಯ ಕ್ರಮವನ್ನೇ ಅನುಸರಿಸುತ್ತದೆ. ಮೊದಲು ಸವೆದ ಬುಷ್, ಬೇರಿಂಗ್ ಮತ್ತು ಬಾಗಿದ ಭಾಗಗಳನ್ನು ಬದಲಾಯಿಸಬೇಕು. ಎರಡನೆಯದಾಗಿ ನಿಲುವಿನ ಎತ್ತರವನ್ನು ಅಂತಿಮಗೊಳಿಸಬೇಕು. ಆಮೇಲೆ ಎತ್ತರ ಬದಲಾಯಿಸಿದರೆ ಮಾಡಿದ ಹೊಂದಾಣಿಕೆ ವ್ಯರ್ಥ. ಮೂರನೆಯದಾಗಿ ಕ್ಯಾಂಬರ್, ಕೊನೆಯಲ್ಲಿ ಟೋ. ಕ್ಯಾಂಬರ್ ಬದಲಾಯಿಸಿದಾಗ ಟೋ ಕೂಡ ಬದಲಾಗುವುದರಿಂದ ಟೋ ಯಾವಾಗಲೂ ಕೊನೆಯ ಹೊಂದಾಣಿಕೆಯಾಗಿರಬೇಕು.

ಕ್ಯಾಂಬರ್ ಸರಿಪಡಿಸಲು ಉದ್ದ ಹೊಂದಿಸಬಹುದಾದ ತೋಳುಗಳು, ಕ್ಯಾಮ್ ಬೋಲ್ಟುಗಳು, ತೋಳಿನ ಬುಡದಲ್ಲಿ ಇಡುವ ವಾಷರುಗಳು ಇವು ಬಳಕೆಯಲ್ಲಿವೆ. ಟಾರ್ಶನ್ ಬೀಮ್ ಕಾರುಗಳಲ್ಲಿ ಸ್ಟಬ್ ಆಕ್ಸಲ್ ಮತ್ತು ತೊಲೆಯ ನಡುವೆ ಬೆಣೆಯಾಕಾರದ ತೆಳುಬಿಲ್ಲೆಗಳನ್ನು ಇಟ್ಟು ಕೋನ ಸರಿಪಡಿಸಬಹುದು. ಅತಿ ಸರಳವಾದ ಪರಿಹಾರವೆಂದರೆ ಕಾರನ್ನು ಸ್ವಲ್ಪ ಮೇಲೆತ್ತುವುದು. ಹೊಸ ಸ್ಪ್ರಿಂಗ್‌ಗಳು ಓಡಾಟದಲ್ಲಿ ಇನ್ನೂ ತುಸು ಕೆಳಗೆ ಕೂರುವುದರಿಂದ ಕೆಲವು ವಾರಗಳ ನಂತರ ಕೋನಗಳನ್ನು ಮರುಪರೀಕ್ಷಿಸುವುದು ಲೇಸು.

ಹೊಸ ಟೈರುಗಳನ್ನು ಇವೆಲ್ಲ ಮುಗಿದ ಮೇಲೆ ಹಾಕಬೇಕು. ಕಾರಣವನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಹಿಂದಿನ ಟೈರುಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಬದಲಿಸುವುದರಿಂದ ಸವೆತ ನಾಲ್ಕು ಟೈರುಗಳಿಗೆ ಹಂಚಿಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಟೈರನ್ನು ರಿಮ್‌ನಿಂದ ಕಳಚಿ, ಒಳಬದಿ ಹೊರಗೆ ಬರುವಂತೆ ಹಾಕುವ ಪದ್ಧತಿಯೂ ಇದೆ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳನ್ನು ಕಾರಿನ ಮತ್ತೊಂದು ಬದಿಯ ರಿಮ್‌ಗೆ ಹಾಕಿ ಇದನ್ನು ಸಾಧಿಸಬಹುದು. ಒಳಬದಿ, ಹೊರಬದಿ ಎಂದು ಗುರುತು ಹಾಕಿರುವ ಟೈರುಗಳನ್ನು ಮಾತ್ರ ಹೀಗೆ ಮಗುಚಬಾರದು.

ಸುರಕ್ಷತೆ

ಕಾರಿನ ಟೈರುಗಳಲ್ಲಿ ಗಾಡಿಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂಬ ನಿಯಮ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿದೆ. ಇದನ್ನು ತಿಳಿಸಲು ಗಾಡಿಯ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಸುತ್ತಲಿನ ರಬ್ಬರ್ ಸವೆದು ಉಬ್ಬಿನ ಮಟ್ಟಕ್ಕೆ ಬಂದರೆ ಟೈರು ಬದಲಾಯಿಸಬೇಕು. ಬ್ರಿಟನ್ನಿನಲ್ಲಿ ಈ ಆಳವನ್ನು ಟೈರಿನ ಅಗಲದ ನಡುವಣ ಮುಕ್ಕಾಲು ಭಾಗದಲ್ಲಿ ಪರಿಗಣಿಸಲಾಗುತ್ತದೆ. ತೀರ ಒಳ ಅಂಚು ಈ ಅಳತೆಯ ಹೊರಗೆ ಉಳಿಯುತ್ತದೆ. ಆದರೆ ತಂತಿ ಹೊರಬಿದ್ದ ಟೈರು ಅಲ್ಲಿಯೂ ಕಾನೂನುಬಾಹಿರ.

ಮಳೆಯಲ್ಲಿ ಅಪಾಯ ಹೆಚ್ಚು. ಟೈರಿನ ಗಾಡಿಗಳ ಕೆಲಸ ರಸ್ತೆಯ ನೀರನ್ನು ಬದಿಗೆ ಹೊರಹಾಕುವುದು. ಋಣ ಕ್ಯಾಂಬರ್ ಇರುವ ಕಾರಿನಲ್ಲಿ ಭಾರ ಹೊರುವುದು ಒಳ ಅಂಚು. ಗಾಡಿ ಇಲ್ಲದಿರುವುದೂ ಒಳ ಅಂಚಿನಲ್ಲಿಯೇ. ಆದ್ದರಿಂದ ಹೊರ ಅಂಚಿನಲ್ಲಿ ಎಷ್ಟೇ ಆಳ ಉಳಿದಿದ್ದರೂ ಪ್ರಯೋಜನ ಕಡಿಮೆ. ಮುಂದಿನ ಟೈರುಗಳು ಹಿಡಿತ ಕಳೆದುಕೊಂಡರೆ ಕಾರು ತಿರುಗದೆ ನೇರ ಹೋಗುತ್ತದೆ. ಚಾಲಕ ವೇಗ ತಗ್ಗಿಸಿ ಸುಧಾರಿಸಿಕೊಳ್ಳುವ ಅವಕಾಶವಿರುತ್ತದೆ. ಹಿಂದಿನ ಟೈರುಗಳು ಹಿಡಿತ ಕಳೆದುಕೊಂಡರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ ಕಾರು ಬುಗುರಿಯಂತೆ ಸುತ್ತಬಹುದು; ಇದನ್ನು ನಿಯಂತ್ರಿಸುವುದು ಸಾಮಾನ್ಯ ಚಾಲಕರಿಗೆ ಬಹಳ ಕಷ್ಟ. ಎರಡೇ ಹೊಸ ಟೈರುಗಳನ್ನು ಕೊಂಡಾಗ ಅವುಗಳನ್ನು ಹಿಂದಕ್ಕೆ ಹಾಕಬೇಕೆಂದು ಟೈರು ತಯಾರಕರು ಸಲಹೆ ನೀಡುವುದು ಇದೇ ಕಾರಣಕ್ಕೆ. ರಬ್ಬರ್ ಸವೆದು ತಂತಿ ಕಂಡ ಟೈರು ವೇಗದ ಓಟದಲ್ಲಿ ಸಿಡಿಯುವ ಸಂಭವವೂ ಇದೆ. ಅಂತಹ ಟೈರಿನಲ್ಲಿ ಗ್ಯಾರೇಜಿನವರೆಗೂ ಓಡಿಸದೆ, ಅಲ್ಲಿಯೇ ಸ್ಟೆಪ್ನಿ ಬದಲಾಯಿಸುವುದು ಸರಿಯಾದ ಕ್ರಮ.

ಕಾನೂನಿನ ಅಂಶಗಳು

ಕ್ಯಾಲಿಫೋರ್ನಿಯದಲ್ಲಿ 1958ರಿಂದ ಜಾರಿಗೆ ಬಂದ ಕಾನೂನು, ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ಕೆಳಗಿರುವಂತೆ ಮಾರ್ಪಡಿಸುವುದನ್ನು ನಿಷೇಧಿಸಿತು. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಆದುದರಿಂದ ಮಾರ್ಪಾಡಿಗೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ.

ಈಗಾಗಲೇ ತಗ್ಗಿಸಿದ ಹಳೆಯ ಕಾರನ್ನು ಕೊಳ್ಳುವವರು ಹಿಂದಿನ ಟೈರುಗಳ ಒಳ ಅಂಚನ್ನು ಕೈಯಿಂದ ಮುಟ್ಟಿ ನೋಡಿಯೇ ವ್ಯವಹಾರ ಮುಗಿಸಬೇಕು. ಆ ಅಂಚು ನುಣುಪಾಗಿದೆಯೇ, ಒರಟಾಗಿದೆಯೇ, ಎರಡೂ ಬದಿಗಳಲ್ಲಿ ಒಂದೇ ತೆರನಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದಿಂದ ಕಾರಿನ ಸಸ್ಪೆನ್ಶನ್ನಿನ ಸ್ಥಿತಿ ಬಹುಮಟ್ಟಿಗೆ ತಿಳಿಯುತ್ತದೆ.